ಪ್ಲಗ್ ಕಿತ್ತು ಕಲಿಯುವ ಪಾಠ

"ಬ್ಲಾಕ್‌ಚೈನ್ ಬಗ್ಗೆ ಬರೀರಿ, ಆದ್ರೆ ಯಾವ ಕಾಯಿನ್ ತಗೋಬೇಕು ಅಂತ ಮಾತ್ರ ಹೇಳಬೇಡಿ" ಎಂದು ಓದುಗರೊಬ್ಬರು ಕೇಳಿದ್ದರು. ಒಳ್ಳೆಯ ಷರತ್ತು. ಹಾಗಾಗಿ ಈ ವಾರ ಬೆಲೆಯ ಗ್ರಾಫ್ ಬದಿಗಿಟ್ಟು, ಮನೆಯಲ್ಲಿ ರೂಟರ್ ಪಕ್ಕ ಕೂರುವ ಒಂದು ಪುಟ್ಟ ಪೆಟ್ಟಿಗೆಯ ಬಗ್ಗೆ ಮಾತಾಡೋಣ. ಅದಕ್ಕೆ ನೋಡ್ ಅಂತಾರೆ. ಅದನ್ನು ನಡೆಸೋದನ್ನ ಒಬ್ಬರೇ ಕೂತು ಕಲಿಯೋದಕ್ಕಿಂತ ನಾಲ್ಕು ಜನ ಸೇರಿ ಕೈಯಾರೆ ಮಾಡಿ ಕಲಿಯೋದು ಯಾಕೆ ಒಳ್ಳೇದು ಅನ್ನೋದು ಇವತ್ತಿನ ವಿಷಯ.

ನಿಮ್ಮ ಬೀದಿಯ ಚೀಟಿ ಗುಂಪನ್ನು ನೆನಪಿಸಿಕೊಳ್ಳಿ. ಲೆಕ್ಕದ ಪುಸ್ತಕ ಒಬ್ಬರ ಹತ್ತಿರ ಮಾತ್ರ ಇದ್ದರೆ ಅವರು ಹೇಳಿದ್ದೇ ಲೆಕ್ಕ. ಇಪ್ಪತ್ತು ಸದಸ್ಯರೂ ಒಂದೊಂದು ಪುಸ್ತಕ ಇಟ್ಟುಕೊಂಡು, ಪ್ರತಿ ಕಂತು ಬಂದಾಗಲೂ ತಾಳೆ ನೋಡಿದರೆ? ಯಾರೂ ಯಾರನ್ನೂ ಸುಮ್ಮನೆ ನಂಬಬೇಕಿಲ್ಲ. ಬ್ಲಾಕ್‌ಚೈನ್‌ನಲ್ಲಿ ಹಾಗೆ ತನ್ನದೇ ಪುಸ್ತಕ ಇಟ್ಟುಕೊಂಡ ಸದಸ್ಯನೇ ನೋಡ್.

ನಮ್ಮದೇ ಪುಸ್ತಕ ಯಾಕೆ ಬೇಕು?

ನಮ್ಮಲ್ಲಿ ಬಹಳ ಜನರ ಮೊಬೈಲಿನ ವ್ಯಾಲೆಟ್ ಬ್ಯಾಲೆನ್ಸ್ ತೋರಿಸುವಾಗ ಅದನ್ನು ಬೇರೆ ಯಾವುದೋ ಕಂಪನಿಯ ಸರ್ವರ್‌ನಿಂದ ಕೇಳಿ ತಂದಿರುತ್ತದೆ. 2020ರ ನವೆಂಬರ್ 11ರಂದು ಇನ್ಫ್ಯೂರಾ ಎಂಬ ದೊಡ್ಡ ಸೇವೆ ಕೆಲವು ಗಂಟೆ ಕೈಕೊಟ್ಟಿತು. ಅಲ್ಲಿ ಗೆಥ್ ಎಂಬ ಈಥೀರಿಯಮ್ ಸಾಫ್ಟ್‌ವೇರ್‌ನ ಹಳೆಯ ಆವೃತ್ತಿ ಓಡುತ್ತಿತ್ತು. ಹಳೆಯದಕ್ಕೂ ಹೊಸದಕ್ಕೂ ಲೆಕ್ಕ ತಾಳೆಯಾಗಲಿಲ್ಲ. ಆ ಸೇವೆಯನ್ನೇ ನಂಬಿಕೊಂಡಿದ್ದ ಮೆಟಾಮಾಸ್ಕ್‌ನಂಥ ವ್ಯಾಲೆಟ್‌ಗಳು ತಡವರಿಸಿದವು, ಕೆಲವು ಎಕ್ಸ್‌ಚೇಂಜ್‌ಗಳು ಈಥರ್ ಹಿಂತೆಗೆತವನ್ನು ತಾತ್ಕಾಲಿಕವಾಗಿ ನಿಲ್ಲಿಸಿದವು. ಸ್ವಂತ ನೋಡ್ ಇಟ್ಟು ಅದನ್ನು ಅಪ್‌ಡೇಟ್ ಮಾಡಿಕೊಂಡಿದ್ದವರಿಗೆ ಅದು ಮಾಮೂಲಿ ದಿನ.

ಇಲ್ಲಿ ಒಂದು ಗೊಂದಲ ಬಗೆಹರಿಸಿಬಿಡೋಣ. ನೋಡ್ ನಡೆಸೋದು ಬೇರೆ, ಸ್ಟೇಕಿಂಗ್ ಮಾಡೋದು ಬೇರೆ. ಬರೀ ನೋಡ್ ನಡೆಸೋಕೆ ಒಂದು ಕಾಯಿನ್ ಕೂಡ ಬೇಡ, ಅದರಿಂದ ಆದಾಯವೂ ಬರಲ್ಲ. ಈಥೀರಿಯಮ್‌ನಲ್ಲಿ ವ್ಯಾಲಿಡೇಟರ್ ಆಗಬೇಕಾದರೆ 32 ಈಥರ್ ಕಟ್ಟಬೇಕು. ಅಂದರೆ ಹತ್ತಾರು ಲಕ್ಷ ರೂಪಾಯಿ. ಮೊದಲ ಸಂಬಳಗಳಲ್ಲೇ ಅದಕ್ಕೆ ಕೈಹಾಕುವ ಮಾತು ಬೇಡ. ಕಲಿಯೋಕೆ ಅದರ ಅಗತ್ಯವೂ ಇಲ್ಲ.

ವಿಡಿಯೋ ನೋಡಿದರೆ ಸಾಲದೇ?

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರಲ್ಲ, ಇಲ್ಲಿಗೆ ಅದು ಹೇಳಿಮಾಡಿಸಿದ ಹಾಗಿದೆ. ಇನ್‌ಸ್ಟಾಲ್ ಮಾಡುವ ವಿಡಿಯೋ ಎಲ್ಲ ಸರಿಹೋದಾಗ ಹೇಗಿರುತ್ತೆ ಅಂತ ತೋರಿಸುತ್ತೆ. ರಾತ್ರಿ ಹನ್ನೊಂದಕ್ಕೆ ಪರದೆಯ ಮೇಲೆ ಕೆಂಪು ಅಕ್ಷರ ಸಾಲಾಗಿ ಬರತೊಡಗಿದಾಗ ಏನು ಮಾಡಬಾರದು ಅನ್ನೋದನ್ನ ಹೇಳಿಕೊಡಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ 2020ರ ಆಗಸ್ಟ್‌ನ ಮೆಡಾಲಾ ಪ್ರಕರಣ. ಮೆಡಾಲಾ ಈಥೀರಿಯಮ್‌ನ ಒಂದು ಪರೀಕ್ಷಾ ಜಾಲ. ಅಸಲಿ ಬೀಕನ್ ಚೈನ್ ಶುರುವಾಗುವ ಮುಂಚೆ ಜನ ಮನೆಗಳಿಂದ ಅದರಲ್ಲಿ ಅಭ್ಯಾಸ ಮಾಡುತ್ತಿದ್ದರು. ಬಹುಪಾಲು ಜನ ಪ್ರಿಸಮ್ ಎಂಬ ಒಂದೇ ಸಾಫ್ಟ್‌ವೇರ್ ಹಾಕಿಕೊಂಡಿದ್ದರು. ಅದು ಆರು ಸರ್ವರ್‌ಗಳಿಂದ ಸಮಯ ಕೇಳಿ ಸರಾಸರಿ ತೆಗೆಯುತ್ತಿತ್ತು. ಒಂದು ಸರ್ವರ್ 24 ಗಂಟೆ ಮುಂದಿನ ಸಮಯ ಹೇಳಿತು. ಆರರಿಂದ ಭಾಗಿಸಿದಾಗ ಎಲ್ಲರ ಗಡಿಯಾರವೂ 4 ಗಂಟೆ ಮುಂದೆ ಹೋಯಿತು. ಈಥೀರಿಯಮ್‌ನಲ್ಲಿ ಪ್ರತಿ 12 ಸೆಕೆಂಡಿಗೆ ಒಂದು ಸರದಿ. ಅಲ್ಲಿ 4 ಗಂಟೆ ಅಂದರೆ ಬೇರೆಯದೇ ಲೋಕ. ಗಾಬರಿಯಲ್ಲಿ ಜನ ನಿಲ್ಲಿಸಿದರು, ಮತ್ತೆ ಶುರು ಮಾಡಿದರು, ತಿದ್ದುಪಡಿಯ ಮೇಲೆ ತಿದ್ದುಪಡಿ ಹಾಕಿದರು. ಜಾಲ ಸುಧಾರಿಸಿಕೊಳ್ಳಲು ದಿನಗಳೇ ಬೇಕಾದವು.

ಅದು ಪರೀಕ್ಷಾ ಜಾಲವಾದ್ದರಿಂದ ಯಾರ ಅಸಲಿ ಹಣವೂ ಹೋಗಲಿಲ್ಲ. ಅದೇ ವರ್ಷ ಡಿಸೆಂಬರ್ 1ಕ್ಕೆ ಅಸಲಿ ಚೈನ್ ಶುರುವಾದಾಗ ಅವರಿಗೆ ಮೂರು ವಿಷಯ ಗೊತ್ತಿತ್ತು: ಗಡಿಯಾರ ನೋಡು, ಗಾಬರಿಯಲ್ಲಿ ಏನನ್ನೂ ಒತ್ತಬೇಡ, ಎಲ್ಲರೂ ಹಾಕಿಕೊಂಡ ಸಾಫ್ಟ್‌ವೇರನ್ನೇ ನೀನೂ ಹಾಕಿಕೊಳ್ಳಬೇಡ. ಮೂರನೆಯದು ದೊಡ್ಡ ಮಾತು. ಒಂದೇ ಸಾಫ್ಟ್‌ವೇರ್ ಮೂರರಲ್ಲಿ ಎರಡು ಪಾಲು ದಾಟಿದರೆ ಅದರ ತಪ್ಪೇ ಅಧಿಕೃತ ಲೆಕ್ಕವಾಗಿಬಿಡುವ ಅಪಾಯವಿದೆ.

ಇಂಥ ಕಲಿಕೆಗೆ ಹೆಸರಾದ ಒಂದು ಸಮುದಾಯ ಈಥ್‌ಸ್ಟೇಕರ್. ಮೊದಲು ಬಂದವರನ್ನು ಚೆನ್ನಾಗಿ ಬರಮಾಡಿಕೊಳ್ಳಬೇಕು, ಜ್ಞಾನ ಆಮೇಲೆ ಅನ್ನೋದು ಅವರ ನೀತಿ. "ಇಷ್ಟೂ ಗೊತ್ತಿಲ್ವಾ?" ಅನ್ನೋ ಮಾತು ಅಲ್ಲಿ ನಡೆಯಲ್ಲ. ನಮ್ಮ ಆಫೀಸುಗಳೂ ಕಲಿಯಬಹುದಾದ ನೀತಿ.

ನಾಲ್ಕು ಭಾನುವಾರದ ಪಾಠ

ಬೆಂಗಳೂರಿಗೆ ಬ್ಲಾಕ್‌ಚೈನ್ ಹೊಸದೇನಲ್ಲ. ಈಥ್‌ಇಂಡಿಯಾ ಹ್ಯಾಕಥಾನ್ 2018ರಿಂದ ಇಲ್ಲಿ ನಡೆದಿದೆ. ಆದರೆ ಅದು ಆ್ಯಪ್ ಕಟ್ಟುವವರ ಜಾತ್ರೆ. ಮನೆಯಲ್ಲಿ ನೋಡ್ ನೋಡಿಕೊಳ್ಳುವವರಿಗೆ ಬೇಕಿರೋದು ಇನ್ನೂ ಸಣ್ಣದು. ಐದಾರು ಗೆಳೆಯರು, ಒಂದು ಹಾಲ್, ಎಕ್ಸ್‌ಟೆನ್ಶನ್ ಬೋರ್ಡ್, ಕಾಫಿ. ಮೈಸೂರಾಗಲಿ ಹುಬ್ಬಳ್ಳಿಯಾಗಲಿ, ನಾಲ್ಕು ಭಾನುವಾರ ಸಾಕು.

ಮೊದಲ ಭಾನುವಾರ: ಹಳೆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಬಿಟ್‌ಕಾಯಿನ್ ಕೋರ್ ಓಡಿಸಿ. ಪೂರ್ತಿ ಚೈನ್ 600 ಜಿಬಿ ದಾಟಿದೆ. ಅಷ್ಟು ಜಾಗ ಇಲ್ಲದಿದ್ದರೆ ಪ್ರೂನ್ ಆಯ್ಕೆ ಇದೆ, ತಾಳೆ ನೋಡಿ ಮುಗಿದ ಹಳೆ ಬ್ಲಾಕ್‌ಗಳನ್ನು ಅದು ಅಳಿಸುತ್ತಾ ಹೋಗುತ್ತದೆ. ಸಿಂಕ್ ಆಗೋಕೆ ದಿನಗಳೇ ಬೇಕು. 2009ರ ಜನವರಿ 3ರ ಮೊದಲ ಬ್ಲಾಕ್‌ನಿಂದ ಇವತ್ತಿನವರೆಗೆ ಲೆಕ್ಕ ನೋಡ್ತಾ ಬರ್ತಿದೆ ಅಂತ ಗೊತ್ತಾದಾಗ ಕಾಯೋದು ಬೇಸರ ಅನಿಸಲ್ಲ.

ಎರಡನೇ ಭಾನುವಾರ: ಈಥೀರಿಯಮ್‌ನ ಪರೀಕ್ಷಾ ಜಾಲ. 2025ರಲ್ಲಿ ಬಂದ ಹೂಡಿ ಅನ್ನೋ ಜಾಲ ಅಭ್ಯಾಸಕ್ಕೆಂದೇ ಇದೆ. ಅಲ್ಲಿನ ಈಥರ್‌ಗೆ ಕಾಸಿನ ಬೆಲೆಯೂ ಇಲ್ಲ. ಇಲ್ಲಿ ಎರಡು ಸಾಫ್ಟ್‌ವೇರ್ ಜೋಡಿಯಾಗಿ ಓಡಬೇಕು. ಒಂದು ವ್ಯವಹಾರಗಳ ಲೆಕ್ಕ ನಡೆಸುತ್ತೆ, ಇನ್ನೊಂದು ಉಳಿದವರ ಜೊತೆ ಒಮ್ಮತಕ್ಕೆ ಬರುತ್ತೆ. ನೆದರ್‌ಮೈಂಡ್ ಜೊತೆ ನಿಂಬಸ್, ಬೇಸು ಜೊತೆ ಲೈಟ್‌ಹೌಸ್, ಹೀಗೆ ಒಬ್ಬೊಬ್ಬರು ಒಂದೊಂದು ಜೋಡಿ ಹಾಕಿಕೊಳ್ಳಿ. ಆಮೇಲೆ ಒಬ್ಬರ ಸಮಸ್ಯೆ ಇನ್ನೊಬ್ಬರಿಗೆ ಪಾಠ.

ಮೂರನೇ ಭಾನುವಾರ ಕೆಡಿಸುವ ದಿನ. ಓಡುತ್ತಿರುವ ಮೆಷಿನ್ನಿನ ಪ್ಲಗ್ ಕಿತ್ತುಬಿಡಿ. ಕರೆಂಟ್ ಬಂದಾಗ ತಾನಾಗೇ ಎದ್ದು ಕೂರುತ್ತಾ ನೋಡಿ. ಗಡಿಯಾರ ತಪ್ಪಾಗಿ ಇಡಿ. ಬೇಡದ ಫೈಲ್ ತುಂಬಿಸಿ ಡಿಸ್ಕ್ ಭರ್ತಿ ಮಾಡಿ. ಪ್ರತಿ ಸಲ ಲಾಗ್ ಓದಿ, ಏನು ಬರೆದಿದೆ ಅಂತ ಒಬ್ಬರು ಕನ್ನಡದಲ್ಲಿ ಉಳಿದವರಿಗೆ ಹೇಳಲಿ. ಕನ್ನಡದಲ್ಲಿ ಬಿಡಿಸಿ ಹೇಳೋಕೆ ಬಂತು ಅಂದರೆ ಅರ್ಥವಾಗಿದೆ ಅಂತಲೇ ಲೆಕ್ಕ.

ನಾಲ್ಕನೇ ಭಾನುವಾರ ಕೀಗಳದ್ದು. ಪರೀಕ್ಷಾ ಕೀ ಮಾಡಿ, 24 ಪದಗಳನ್ನು ಕಾಗದದಲ್ಲಿ ಬರೆದು, ಮೆಷಿನ್ ಅಳಿಸಿ, ಆ ಕಾಗದದಿಂದಲೇ ಮತ್ತೆ ಕೀ ಹುಟ್ಟಿಸಿ. ಜಾಲದಿಂದ ಮರ್ಯಾದೆಯಾಗಿ ಹೊರಬರೋದನ್ನೂ ಅಭ್ಯಾಸ ಮಾಡಿ. ಒಳಗೆ ಹೋಗೋದನ್ನ ಎಲ್ಲರೂ ಕಲಿಸ್ತಾರೆ, ಹೊರಗೆ ಬರೋದನ್ನ ಕಲಿಸುವವರು ಕಮ್ಮಿ.

ನಮ್ಮ ಊರಿನ ತೊಂದರೆಗಳು

ಕರೆಂಟ್ ಹೋಗುತ್ತೆ ಅಂತ ನಮಗೆ ಏನಿದ್ದರೂ ಒಂದು ಸ್ಪೇರ್ ಇಡುವ ಅಭ್ಯಾಸ. ವ್ಯಾಲಿಡೇಟರ್ ವಿಷಯದಲ್ಲಿ ಅದೇ ಮುಳುವು. ಒಂದೇ ಕೀಯನ್ನು ಎರಡು ಮೆಷಿನ್‌ನಲ್ಲಿ ಹಾಕಿ, ಎರಡೂ ಒಟ್ಟಿಗೆ ಎದ್ದರೆ, ಒಂದೇ ಸರದಿಗೆ ಎರಡು ಸಹಿ ಬೀಳುತ್ತೆ. ಜಾಲ ಅದನ್ನು ಮೋಸ ಅಂತ ಪರಿಗಣಿಸಿ ದಂಡ ಹಾಕಿ ಹೊರಗೆ ಹಾಕುತ್ತೆ. ಇದಕ್ಕೆ ಸ್ಲ್ಯಾಶಿಂಗ್ ಅನ್ನುತ್ತಾರೆ. ಅದೇ ಮೆಷಿನ್ ಕೆಲ ಗಂಟೆ ಆಫ್ ಇದ್ದರೆ? ಸಾಮಾನ್ಯ ದಿನಗಳಲ್ಲಿ ನಷ್ಟ ಸಣ್ಣದು. ಎಷ್ಟು ಹೊತ್ತು ಆಫ್ ಇತ್ತೋ ಸುಮಾರು ಅಷ್ಟೇ ಹೊತ್ತು ಮತ್ತೆ ಓಡಿದರೆ ಸರಿಹೋಗುತ್ತೆ. ಹಾಗಾಗಿ ಕತ್ತಲಲ್ಲಿ ಸುಮ್ಮನಿರೋದೇ ಜಾಣತನ. ಯುಪಿಎಸ್ ಎರಡಿರಲಿ, ಕೀ ಒಂದೇ ಕಡೆ ಇರಲಿ.

ಇಂಟರ್ನೆಟ್ ಅನ್‌ಲಿಮಿಟೆಡ್ ಅಂತ ಹೇಳಿದರೂ ಅನೇಕ ಪ್ಲಾನ್‌ಗಳಲ್ಲಿ ತಿಂಗಳಿಗೆ 3300 ಜಿಬಿ ಮಿತಿ ಇರುತ್ತೆ, ಒಮ್ಮೆ ಓದಿಕೊಳ್ಳಿ. ಒಂದೇ ಐಪಿ ವಿಳಾಸವನ್ನು ಹತ್ತಾರು ಮನೆಗೆ ಹಂಚುವ ಕಂಪನಿಯಾದರೆ ಹೊರಗಿನ ನೋಡ್‌ಗಳಿಗೆ ನಿಮ್ಮದು ಸಿಗಲ್ಲ. ನಿಮ್ಮಿಂದ ಹೊರಗೆ ಹೋಗುವ ಸಂಪರ್ಕ ಮಾತ್ರ ನಡೆಯುತ್ತೆ. ಬೇಕಿದ್ದರೆ ಸ್ಟ್ಯಾಟಿಕ್ ಐಪಿ ಕೇಳಿ. ಅಸಲಿ ಈಥೀರಿಯಮ್ ಜಾಲಕ್ಕೆ ಹಳೆ ಹಾರ್ಡ್‌ಡಿಸ್ಕ್ ಸಾಕಾಗಲ್ಲ, ಒಳ್ಳೆಯ ಎಸ್‌ಎಸ್‌ಡಿ ಬೇಕೇ ಬೇಕು. ಅಗ್ಗದ ಎಸ್‌ಎಸ್‌ಡಿಗಳಲ್ಲೂ ಕೆಲವು ಏದುಸಿರು ಬಿಡುತ್ತವೆ. ಯಾವುದು ನಡೆಯುತ್ತೆ, ಯಾವುದು ನಡೆಯಲ್ಲ ಅಂತ ಸ್ವಯಂಸೇವಕರು ಪಟ್ಟಿ ಮಾಡಿಟ್ಟಿದ್ದಾರೆ. ಕೊಳ್ಳುವ ಮುಂಚೆ ಅದನ್ನು ನೋಡಿ. ಇನ್ನು ಕರೆಂಟ್ ಬಿಲ್. 20 ವಾಟ್ ತಗೊಳ್ಳುವ ಮಿನಿ ಪಿಸಿ ಹಗಲು ರಾತ್ರಿ ಓಡಿದರೂ ತಿಂಗಳಿಗೆ 15 ಯೂನಿಟ್ ದಾಟಲ್ಲ.

ಸಹಾಯಕ್ಕೆ ಬರುವ ಕಳ್ಳರು

ಗುಂಪಿನಲ್ಲಿ ಕಲಿಯೋದಕ್ಕೆ ಇನ್ನೊಂದು ಕಾರಣ ಇದೆ. ಎಲ್ಲರೆದುರು ಪ್ರಶ್ನೆ ಕೇಳಿದ ಎರಡೇ ನಿಮಿಷಕ್ಕೆ ಖಾಸಗಿಯಾಗಿ ಒಂದು ಮೆಸೇಜ್ ಬರುತ್ತೆ: "ಸಪೋರ್ಟ್ ಟೀಮ್‌ನಿಂದ, ನಿಮ್ಮ ವ್ಯಾಲೆಟ್ ಸರಿಮಾಡ್ತೀವಿ." ಆಮೇಲೆ ಆ 24 ಪದ ಕೇಳ್ತಾರೆ. ನಿಜವಾದ ಸಹಾಯಕರು ಎಲ್ಲರೆದುರೇ ಉತ್ತರ ಕೊಡ್ತಾರೆ, ಪದಗಳನ್ನು ಎಂದಿಗೂ ಕೇಳಲ್ಲ. ಗೆಳೆಯನೇ ಕೇಳಿದರೂ, ಪಾಠ ಮಾಡುವ ಮೇಷ್ಟ್ರೇ ಕೇಳಿದರೂ ಕೊಡಬಾರದು. ಒಟಿಪಿ ಹೇಳಿದರೆ ಬ್ಯಾಂಕಿಗೆ ಫೋನ್ ಮಾಡಿ ಖಾತೆಯನ್ನಾದರೂ ನಿಲ್ಲಿಸಬಹುದು. ಇಲ್ಲಿ ಫೋನ್ ಮಾಡೋಕೆ ಬ್ಯಾಂಕೇ ಇಲ್ಲ.

ಮನೆಯವರಿಗೂ ಒಂದು ಪಾಠ ಬೇಕು. "ಇದೇನೋ ಡಬ್ಬಿ, ರಾತ್ರಿಯೆಲ್ಲ ಮಿಣಮಿಣ ಅಂತಿರುತ್ತಲ್ಲೋ" ಅಂತ ಅಮ್ಮ ಕೇಳಿದಾಗ ಕೂರಿಸಿ ಹೇಳಿ. ಕಸ ಗುಡಿಸುವಾಗ ಯಾವ ಸ್ವಿಚ್ ಮುಟ್ಟಬಾರದು ಅನ್ನೋದು ಮೊದಲ ಮಾತು. ಅಸಲಿ ಹಣ ತೊಡಗಿಸಿದ್ದರೆ ಎರಡನೇ ಮಾತು ಇನ್ನೂ ಮುಖ್ಯ. ನಿಮಗೇನಾದರೂ ಆದರೆ ಆ ಕಾಗದ ಎಲ್ಲಿದೆ, ಯಾರನ್ನು ಕೇಳಬೇಕು ಅಂತ ಮನೆಯಲ್ಲಿ ಒಬ್ಬರಿಗೆ ತಿಳಿದಿರಲೇಬೇಕು. ಎಫ್‌ಡಿಗೆ ನಾಮಿನಿ ಇರ್ತಾರೆ. 24 ಪದಕ್ಕೆ ನಾಮಿನಿ ಇಲ್ಲ. ಹೇಳದೇ ಹೋದರೆ ಆ ಹಣ ಯಾರಿಗೂ ಸಿಗಲ್ಲ. ಲಾಭಕ್ಕೆ 30% ತೆರಿಗೆ, ಮಾರಾಟಕ್ಕೆ 1% ಟಿಡಿಎಸ್ 2022ರಿಂದ ಜಾರಿಯಲ್ಲಿದೆ. ಹಾಗಾಗಿ ಹಣ ಹಾಕುವ ಮುಂಚೆ ನಿಮ್ಮ ಸಿಎ ಹತ್ತಿರವೂ ಮಾತಾಡಿ.

ಇಷ್ಟೆಲ್ಲ ಕಲಿತ ಮೇಲೆ ಸ್ಟೇಕಿಂಗ್ ಬೇಡ ಅನಿಸಿದರೂ ಬೇಜಾರಿಲ್ಲ. ಲಿನಕ್ಸ್ ಕೈಗೆ ಹತ್ತಿರುತ್ತೆ, ಲಾಗ್ ಓದೋಕೆ ಬಂದಿರುತ್ತೆ, "ಖಚಿತ ಆದಾಯ" ಅಂತ ಫೋನ್ ಮಾಡುವವರಿಗೆ ಎದುರು ಪ್ರಶ್ನೆ ಕೇಳೋ ಧೈರ್ಯ ಬಂದಿರುತ್ತೆ. ಅಟ್ಟದ ಮೇಲಿನ ಹಳೆ ಲ್ಯಾಪ್‌ಟಾಪ್ ಇಳಿಸಿ, ಧೂಳು ಒರೆಸಿ, ಮೂವರು ಗೆಳೆಯರಿಗೆ ಮೆಸೇಜ್ ಹಾಕಿ. ಮುಂದಿನ ಭಾನುವಾರ ಹತ್ತು ಗಂಟೆಗೆ ಶುರು ಮಾಡಬಹುದು.