ಅಳೆದ ಗೋಡೆ, ಊಹಿಸಿದ ಚಾವಣಿ

ಮೇಜಿನ ಮೇಲೆ ಪುಟ್ಟ ಯೋಧರ ಬೊಂಬೆಗಳನ್ನಿರಿಸಿ ಆಡುವ ಕಾಳಗದಾಟಕ್ಕೆ ಬೇಕಾದ ಪ್ರಾಚೀನ ಜಪಾನಿನ ಮನೆಗಳನ್ನು ಈಗ ಯಂತ್ರದಿಂದಲೇ ಮುದ್ರಿಸಿಕೊಳ್ಳಬಹುದು. ಗಣಕದಲ್ಲಿ ರಚಿಸಿದ ನಕ್ಷೆಯನ್ನನುಸರಿಸಿ ಯಂತ್ರವು ಕರಗಿದ ಪ್ಲಾಸ್ಟಿಕ್ಕನ್ನು ಸುಮಾರು 0.2 ಮಿಲಿಮೀಟರ್ ದಪ್ಪದ ಪದರಗಳಾಗಿ ಒಂದರ ಮೇಲೊಂದು ಹರಡುತ್ತ ಮನೆಯನ್ನು ಎಬ್ಬಿಸುತ್ತದೆ.

ಆದರೆ ತಿಳಿದುದಕ್ಕೂ ಊಹಿಸಿದುದಕ್ಕೂ ಇರುವ ಭೇದವನ್ನು ಯಂತ್ರವು ಅರಿಯದು. ಜಪಾನಿನ ಜೋಮೋನ್ ಯುಗದ ಮನೆಗಳಲ್ಲಿ ಸಾಮಾನ್ಯವಾಗಿ ಉಳಿದು ಬಂದಿರುವುದು ನೆಲವನ್ನಗೆದ ತಗ್ಗು, ಕಂಬದ ಕುಳಿಗಳು, ಒಲೆಯ ಗುರುತು, ಇಷ್ಟೆ. ಚಾವಣಿಯ ರೂಪವು ವಿದ್ವಾಂಸರ ಅನುಮಾನ. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜರಾಯರು ಉತ್ಖನನದಿಂದ ಬೆಳಕಿಗೆ ತಂದ ನವಶಿಲಾಯುಗದ ದುಂಡು ಗುಡಿಸಲುಗಳ ಸಂಗತಿಯೂ ಇಂತಹುದೇ. ಆದುದರಿಂದ ಮಾದರಿಯ ಚಾವಣಿಯು ಬೇರೆ ಬಣ್ಣದ್ದಾಗಿ, ಎತ್ತಿಡಲು ಬರುವಂತಿರಬೇಕೆಂದು ನಮ್ಮ ಅಭಿಪ್ರಾಯ. ಒಳಗೆ ಬೊಂಬೆಗಳನ್ನು ನಡೆಸಲು ಆಟಗಾರರಿಗೆ ಅನುಕೂಲ, ಸತ್ಯಕ್ಕೂ ಅಪಚಾರವಿಲ್ಲ.

ಇದರಲ್ಲಿ ನಮ್ಮ ಊರುಗಳಿಗೂ ಒಂದು ಪಾಠವಿದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಂತಹ ಕಾವೇರಿ ತೀರದ ಊರುಗಳಲ್ಲಿ ಹಳೆಯ ಹೆಂಚಿನ ಮನೆಗಳು ಚಾವಣಿಸಹಿತ ನಿಂತಿರುವಾಗಲೇ ವಿದ್ಯಾರ್ಥಿಗಳು ಅಳತೆಪಟ್ಟಿ ಹಿಡಿದು ಹೊರಡಲಿ. 56ಕ್ಕೆ 1ರ ಪ್ರಮಾಣದಲ್ಲಿ ಮುದ್ರಿಸಿದರೆ 5.6 ಮೀಟರ್ ಉದ್ದದ ಗೋಡೆಯು 10 ಸೆಂಟಿಮೀಟರಿಗೆ ಇಳಿದು, ಮನೆಯೇ ದಸರೆಯ ಬೊಂಬೆಗಳ ನಡುವೆ ಸ್ಥಾನ ಪಡೆಯುತ್ತದೆ. ತೊಲೆ, ಜಂತೆಗಳು ಮಣ್ಣುಪಾಲಾದ ಮೇಲೆ ಉಳಿಯುವುದು ಕುಳಿಗಳೇ. ಇಂದು ಅಳೆದಿಟ್ಟ ಚಾವಣಿಯನ್ನು ಮುಂದಿನವರು ಊಹಿಸಬೇಕಾಗಿಲ್ಲ.