ಒಂದು ಚುಕ್ಕೆಯ ತೀರ್ಪು

ಹಳೇ ಸ್ವೆಟರು ಬಿಚ್ಚಿದ ಉಲ್ಲನ್ ದಾರ ಸಿಕ್ಕಾಗದಿರಲಿ ಅಂತ ಉಂಡೆ ಕಟ್ಟಿಡುತ್ತೇವಲ್ಲ, ನಮ್ಮ ಮೈಯೊಳಗೂ ಅದೇ ಕೆಲಸ ನಡೆದಿದೆ ನೋಡಿ. ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಡಿ.ಎನ್.ಎ. ಎಳೆ! ಹಿಸ್ಟೋನ್ ಎಂಬ ಪ್ರೋಟೀನಿನ ರೀಲುಗಳಿಗೆ ಸುತ್ತಿಕೊಂಡು, ಕಣ್ಣಿಗೇ ಕಾಣದ ನ್ಯೂಕ್ಲಿಯಸ್ಸಿನಲ್ಲಿ ಅಡಗಿ ಕೂತಿದೆ. ಬಹಳ ಬಿಗಿಯಾಗಿ ಸುತ್ತಿದ ಭಾಗ ಹೆಚ್ಚಾಗಿ ಕೆಲಸಕ್ಕೆ ಬಾರದೆ ಸುಮ್ಮನಿರುತ್ತದೆ.

ಹೆಂಗಸರಿಗೆ ಸಾಮಾನ್ಯವಾಗಿ ಎಕ್ಸ್ ವರ್ಣತಂತು ಎರಡು, ಗಂಡಸರಿಗೆ ಒಂದು. ನಮ್ಮ ಎರಡರಲ್ಲಿ ಒಂದನ್ನು ಜೀವಕೋಶ ಹೀಗೆ ಬಿಗಿದು ಮೂಲೆಗಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದೊಂದು ಚುಕ್ಕೆ. ಕೆನಡಾದ ಮರ್ರೇ ಬಾರ್ ಮತ್ತು ಅವರ ವಿದ್ಯಾರ್ಥಿ ಬರ್ಟ್ರಮ್ 1949ರಲ್ಲಿ ಇದನ್ನು ಮೊದಲು ಕಂಡದ್ದು ಹೆಣ್ಣು ಬೆಕ್ಕಿನ ನರಕೋಶದಲ್ಲಿ.

ಆಮೇಲೇನಾಯ್ತು ಗೊತ್ತೇ? 1968ರ ಒಲಿಂಪಿಕ್ಸಿನಲ್ಲಿ ಆಟಗಾರ್ತಿಯರ ಕೆನ್ನೆಯ ಒಳಭಾಗ ಕೆರೆದು ಪರೀಕ್ಷೆ ಶುರುವಾಯಿತು. ಚುಕ್ಕೆ ಇದ್ದರೆ ಹೆಣ್ಣು, ಇಲ್ಲವಾದರೆ ಅನುಮಾನ! ಒಂದು ಚುಕ್ಕೆಗೆ ಇಷ್ಟು ಅಧಿಕಾರವೇ?

ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೋಸೆ ಮಾರ್ಟಿನೆಸ್ ಪಟಿನ್ಯೊ ಹೆಣ್ಣಾಗಿಯೇ ಹುಟ್ಟಿ ಬೆಳೆದಾಕೆ. 1985ರಲ್ಲಿ ಜಪಾನಿನ ಕೋಬೆಯ ಕೂಟದಲ್ಲಿ ಆಕೆಯ ಕೋಶದಲ್ಲಿ ಚುಕ್ಕೆ ಸಿಗಲಿಲ್ಲ. ಆಕೆಯದು ಎಕ್ಸ್-ವೈ ಜೋಡಿ. ಆದರೆ ಗಂಡಿನ ಹಾರ್ಮೋನಿಗೆ ಮೈ ಓಗೊಡುತ್ತಿರಲಿಲ್ಲ. ದಾಖಲೆಗಳು, ವಿದ್ಯಾರ್ಥಿವೇತನ ಎಲ್ಲಾ ಹೋದವು. ಪಟ್ಟು ಬಿಡದೆ ಹೋರಾಡಿ, 1988ರಲ್ಲಿ ಹೆಂಗಸರ ಜೊತೆ ಓಡುವ ಹಕ್ಕನ್ನು ಮರಳಿ ಪಡೆದರು.