ನೆಗೆಟಿವ್ ಬಂತು, ಸರಿ... ಆದ್ರೆ ಜ್ವರ ಯಾವ್ದು?

ಹೋದ ಬೇಸಿಗೆಯಲ್ಲಿ ಊರಿಂದ ಅಮ್ಮನ ಫೋನು. ದೊಡ್ಡಪ್ಪನಿಗೆ ಐದು ದಿನದಿಂದ ಜ್ವರ, ತೋಟದಲ್ಲಿ ಉಣುಗು ಕಚ್ಚಿತ್ತಂತೆ. ನಮ್ಮ ಮಲೆನಾಡಲ್ಲಿ ಇಷ್ಟು ಹೇಳಿದ್ರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಹೆಸರು: ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ವೈರಸ್ಸಿನ ಭಯ ಇನ್ನೂ ಹೋಗಿಲ್ಲ, ಹೋಗಲೂಬಾರದು.

ಪಿಸಿಆರ್ ಆಯ್ತು, ನೆಗೆಟಿವ್ ಬಂತು. ಎಲ್ಲರೂ ಉಸ್ಸಪ್ಪಾ ಅಂದ್ರು. ಜ್ವರ ಮಾತ್ರ ಹಾಗೇ ಇತ್ತು! ಕೊನೆಗೆ ವಯಸ್ಸಾದ ಡಾಕ್ಟ್ರೊಬ್ಬರು ಮೈಮೇಲಿನ ಕೆಂಪು ಗುಳ್ಳೆ, ಕಚ್ಚಿದಲ್ಲಿ ಎದ್ದ ಕಪ್ಪು ಹಕ್ಕಳೆ ನೋಡಿ ಡಾಕ್ಸಿಸೈಕ್ಲಿನ್ ಬರೆದರು. ಎರಡೇ ದಿನಕ್ಕೆ ಜ್ವರ ಇಳಿಯಿತು. ರಿಕೆಟ್ಸಿಯಾ ಅನ್ನೋ ಬ್ಯಾಕ್ಟೀರಿಯಾ ಇರಬಹುದು ಅಂದರು. ಉಣುಗು ಅದನ್ನೂ ಹೊತ್ತು ತರುತ್ತೆ.

ನಾನು ಕೋಡ್ ಬರೆಯೋನು. ನನಗೆ ಪಿಸಿಆರ್ ಅಂದ್ರೆ ಕಂಟ್ರೋಲ್ ಎಫ್ ಇದ್ದ ಹಾಗೆ. ಪ್ರೈಮರ್ ಅಂದ್ರೆ ನೀವು ಟೈಪ್ ಮಾಡೋ ಪದ. ವೈರಸ್ಸಿನ ಪದ ಹಾಕಿ ಹುಡುಕಿದ್ರೆ ಬ್ಯಾಕ್ಟೀರಿಯಾ ಎಲ್ಲಿಂದ ಸಿಗಬೇಕು? 'ಸಿಗಲಿಲ್ಲ' ಅಂದ್ರೆ 'ಏನೂ ಇಲ್ಲ' ಅಂತಲ್ಲ, ಅಷ್ಟೇ.

ಹಾಗಾದ್ರೆ ಅಗಲವಾಗಿ ಹುಡುಕೋಕೆ ಆಗಲ್ವಾ? ಆಗುತ್ತೆ. ಎಲ್ಲಾ ಬ್ಯಾಕ್ಟೀರಿಯಾಗಳಲ್ಲೂ 16ಎಸ್ ಅನ್ನೋ ಜೀನ್ ಇರುತ್ತೆ, ಸುಮಾರು 1500 ಅಕ್ಷರ ಉದ್ದ. ಅದರ ಕೆಲವು ಭಾಗ ಎಲ್ಲರಲ್ಲೂ ಒಂದೇ, ನಡುವಿನ ಭಾಗ ಬೇರೆ ಬೇರೆ. ಅದನ್ನು ಓದಿದ್ರೆ ಯಾವ ಕುಲ ಅಂತ ಗೊತ್ತಾಗುತ್ತೆ. ರಿಕೆಟ್ಸಿಯಾಗಳಲ್ಲಿ ಮಾತ್ರ 16ಎಸ್ ತೀರಾ ಒಂದೇ ಥರ, ಅದಕ್ಕೇ ಓಂಪ್-ಎ ಥರದ ಬೇರೆ ಜೀನ್ ನೋಡಬೇಕು. ಇನ್ನೊಂದು ಮಾತು: ಉಣುಗಿನಲ್ಲಿ ಡಿಎನ್ಎ ಸಿಕ್ಕ ಮಾತ್ರಕ್ಕೆ ಅದೇ ರೋಗ ತರುತ್ತೆ ಅಂತಲ್ಲ. ದನದ ರಕ್ತದ ಜೊತೆ ಒಳಗೆ ಹೋಗಿರಬಹುದು, ಉಣುಗಿನಲ್ಲೇ ವಾಸ ಮಾಡೋ ಬ್ಯಾಕ್ಟೀರಿಯಾನೂ ಇರಬಹುದು.

ನಾನು ಹೇಳೋದು ಇಷ್ಟೇ. ಮಂಗನ ಕಾಯಿಲೆ ಅಲ್ಲ ಅಂತಾದ ಸ್ಯಾಂಪಲ್ಲನ್ನು ಅಲ್ಲಿಗೇ ಬಿಡಬೇಡಿ, ರಿಕೆಟ್ಸಿಯಾಕ್ಕೂ ಹುಡುಕಿ. ಹಕ್ಕಳೆ ಇದ್ರೆ ಅದನ್ನೂ ಕಳಿಸಿ, ರಕ್ತಕ್ಕಿಂತ ಅದರಲ್ಲಿ ಸಿಗೋ ಸಾಧ್ಯತೆ ಜಾಸ್ತಿ. 1916ರ ವೀಲ್-ಫೆಲಿಕ್ಸ್ ಪರೀಕ್ಷೆಯನ್ನೇ ಇನ್ನೂ ಎಷ್ಟು ದಿನ ನೆಚ್ಚಿಕೊಳ್ಳೋದು? ಖರ್ಚು ಅಂತೀರಾ, ನಿಜ. ಆದ್ರೆ ಯಾವ ಊರಲ್ಲಿ ಏನಿದೆ ಅಂತ ಗೊತ್ತಾದ್ರೆ ಮುಂದಿನ ಡಾಕ್ಟ್ರಿಗೆ ಹಾದಿ ಸುಲಭ. ಹಾಗಂತ ರಿಪೋರ್ಟಿಗೆ ಕಾಯುತ್ತಾ ಕೂರಬಾರದು. ಅನುಮಾನ ಬಂದ್ರೆ ಡಾಕ್ಟ್ರು ಔಷಧಿ ಮೊದಲೇ ಶುರು ಮಾಡಬೇಕು.

ದೊಡ್ಡಪ್ಪ ಈಗ ಆರಾಮಾಗಿ ತೋಟಕ್ಕೆ ಹೋಗ್ತಿದ್ದಾರೆ. ಅವರಿಗೆ ಬಂದಿದ್ದು ಏನು ಅಂತ ಯಾವ ಕಾಗದದಲ್ಲೂ ಬರೆದಿಲ್ಲ. ಅದೇ ನನ್ನ ತಕರಾರು. ನೀವೇನಂತೀರಿ?